ಮಂಡಿಯ ‘ಗ್ರೀಸ್’ ಒಣಗಿದೆಯೇ? ಬೆಂಡೆಕಾಯಿ ನೀರು ಕುಡಿದರೆ ತುಂಬುತ್ತದೆಯೇ?

ರಾತ್ರಿ ಬೆಂಡೆಕಾಯಿ ಸೀಳಿ ನೀರಿನಲ್ಲಿ ನೆನೆಸಿಡಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆ ಲೋಳೆ ನೀರು ಕುಡಿಯಿರಿ, ಮಂಡಿಯಲ್ಲಿ ಒಣಗಿಹೋದ ‘ಗ್ರೀಸ್’ ಮತ್ತೆ ತುಂಬುತ್ತದೆ, ಅಲ್ಲಿಯವರೆಗೆ ಹೆಚ್ಚು ನಡೆಯಬೇಡಿ. ಇಂಥ ಸಂದೇಶ ನಿಮ್ಮ ಮನೆಯವರ ಗುಂಪಿಗೂ ಬಂದಿರಬಹುದು. ನಮಗಂತೂ ಬರುತ್ತಲೇ ಇದೆ. ಬೆಂಡೆಕಾಯಿಯ ಲೋಳೆ ಕರುಳಿನಲ್ಲೇ ಉಳಿಯುವ ನಾರಿನಂಶ. ಅದು ಲೋಳೆಯಾಗಿಯೇ ಮಂಡಿಯವರೆಗೆ ಹೋಗುವುದಿಲ್ಲ. ಕುಡಿದರೆ ದೊಡ್ಡ ನಷ್ಟವೇನಿಲ್ಲ ಎನ್ನೋಣ. ನಮ್ಮ ತಕರಾರು ಕೊನೆಯ ಮಾತಿನ ಬಗ್ಗೆ: ನಡೆಯಬೇಡಿ ಎಂಬುದು.

ಮಂಡಿಯಲ್ಲಿ ಗ್ರೀಸ್ ಇಲ್ಲ. ಎರಡು ಮೂಳೆಗಳ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ, ನಡುವೆ ಸ್ವಲ್ಪ ಕೀಲುರಸ ಇದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಪೋಷಣೆ ಎಲ್ಲಿಂದ? ಹೆಜ್ಜೆ ಊರಿದಾಗ ಅದು ಸ್ಪಂಜಿನಂತೆ ಅದುಮಿಕೊಂಡು ರಸ ಬಿಡುತ್ತದೆ, ಕಾಲೆತ್ತಿದಾಗ ಹೀರಿಕೊಳ್ಳುತ್ತದೆ. ಅಂದರೆ ಮಂಡಿ ಆಡಿದರೇ ಅದಕ್ಕೆ ಊಟ. ‘ಸವೆತ’ ಎಂಬ ಪದ ದಾರಿ ತಪ್ಪಿಸುವುದು ಇಲ್ಲೇ. ಸೈಕಲ್ ಟೈರನ್ನು ಓಡಿಸದೆ ಇಟ್ಟರೆ ಉಳಿಯುತ್ತದೆ, ಮಂಡಿ ಹಾಗಲ್ಲ.

ಇನ್ನೊಂದು ವಿಚಿತ್ರ: ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಅಂಗಾಂಶಗಳಿಂದ. ಹಾಗಾಗಿ ಎಕ್ಸ್‌ರೇಯಲ್ಲಿ ‘ತುಂಬಾ ಸವೆದಿದೆ’ ಎನಿಸಿಕೊಂಡವರು ಆರಾಮಾಗಿ ಓಡಾಡುವುದೂ ಉಂಟು, ಎಕ್ಸ್‌ರೇ ಚೆನ್ನಾಗಿದ್ದವರು ನರಳುವುದೂ ಉಂಟು.

ನೋವಿದೆಯೆಂದು ಕೂತುಬಿಟ್ಟರೆ ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯು ಕರಗುತ್ತದೆ. ಮಂಡಿಯ ಭಾರದಲ್ಲಿ ಪಾಲು ಹೊರುತ್ತಿದ್ದದ್ದು ಅದೇ. ನೋವು ಹೆಚ್ಚುತ್ತದೆ, ಮತ್ತಷ್ಟು ಕೂರುತ್ತಾರೆ, ತೂಕ ಏರುತ್ತದೆ. ಅಮ್ಮ ಮೊದಲು ಸಂತೆಗೆ ಹೋಗುವುದು ಬಿಡುತ್ತಾರೆ, ಆಮೇಲೆ ಪಕ್ಕದ ಬೀದಿಗೂ ಹೋಗುವುದಿಲ್ಲ. ಇದರಲ್ಲಿ ಎಷ್ಟು ವಯಸ್ಸಿನ ದೋಷ, ಎಷ್ಟು ‘ರೆಸ್ಟ್ ತಗೋ’ ಎಂಬ ನಮ್ಮ ಪ್ರೀತಿಯ ದೋಷ?

ಮಾಡಬೇಕಾದ್ದು ಸರಳ, ಬೇಸರ ತರಿಸುವಂಥದ್ದು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ, ಇಳಿಸಿ. ಹತ್ತು ಸಲ, ಎರಡೂ ಕಾಲಿಗೆ, ದಿನವೂ. ಜೊತೆಗೆ ಸಮತಟ್ಟಾದ ನೆಲದಲ್ಲಿ ನಡಿಗೆ. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನಕ್ಕೂ ನೋವು ಏರಿಯೇ ಇದ್ದರೆ ಕಡಿಮೆ ಮಾಡಿ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೋವಿಗೆ ಮಾತ್ರೆಗಿಂತ ಮೊದಲು ಹಚ್ಚುವ ಡೈಕ್ಲೋಫಿನಾಕ್ ಜೆಲ್ ಸಾಕಾಗಬಹುದು.

ಗ್ಲುಕೋಸಮೈನ್? 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಟ್ಟಾರೆ ಅದು ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ರಂಧ್ರ ಕೊರೆದು ಮಂಡಿಯನ್ನು ‘ಕ್ಲೀನ್’ ಮಾಡಿಸುವುದು? 2002ರಲ್ಲಿ ಹ್ಯೂಸ್ಟನ್‌ನ ವೈದ್ಯರು ಕೆಲವರಿಗೆ ನಿಜವಾಗಿ ಹಾಗೆ ಮಾಡಿ, ಉಳಿದವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿದರು. ಎರಡು ವರ್ಷಗಳಾದರೂ ಎರಡು ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಅಪಾಯ ಲೇಬಲ್ ಇಲ್ಲದ, ಇದ್ದರೂ ಸುಳ್ಳು ಹೇಳುವ ಪುಡಿ-ಮಾತ್ರೆಗಳದ್ದು. ‘ಮೂರೇ ದಿನದಲ್ಲಿ ನೋವು ಮಾಯ’ ಎಂದರೆ ಅನುಮಾನಪಡಿ. ಕೀಲುನೋವಿಗೆಂದು ಮಾರುತ್ತಿದ್ದ ಕೆಲವು ‘ನೈಸರ್ಗಿಕ’ ಮಾತ್ರೆಗಳಲ್ಲಿ ಡೈಕ್ಲೋಫಿನಾಕ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬಚ್ಚಿಟ್ಟಿದ್ದನ್ನು 2022ರಲ್ಲಿ ಅಮೆರಿಕದ ಎಫ್‌ಡಿಎ ಪತ್ತೆಮಾಡಿತು. ಇಂಥವನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡಬಹುದು, ಸಕ್ಕರೆ ಏರಬಹುದು. ಆದರೆ ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯವೇ. ಪೊಟ್ಟಣ ಹಿಡಿದು ವೈದ್ಯರ ಬಳಿ ಹೋಗಿ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಒಳ್ಳೆಯ ದಾರಿಯೇ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಅದೇ ದಿನ ತೋರಿಸಿ.

ಉಳಿದವರು ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲಿಡಿ, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಹಲವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.