ಬಹುಜನರನ್ನು ಬಲಿ ಪಡೆದ ಅಗ್ನಿ ದುರಂತಗಳು: ನಿರ್ಗಮನ ಮಾರ್ಗದ ಪ್ರಶ್ನೆ

2024ರ ಮೇ 25ರಂದು ಗುಜರಾತ್ ರಾಜ್ಯದ ರಾಜಕೋಟ್ ನಗರದ ಆಟದ ಕೇಂದ್ರವೊಂದರಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ ಮಕ್ಕಳೂ ಸೇರಿದಂತೆ 27 ಮಂದಿ ಮೃತಪಟ್ಟರು. ಜನರು ಒಳಗಿರುವಾಗಲೇ ತಗಡಿನ ತಾತ್ಕಾಲಿಕ ಕಟ್ಟಡದಲ್ಲಿ ವೆಲ್ಡಿಂಗ್ ಕೆಲಸ ನಡೆದಿತ್ತು. ಸದರಿ ಕೇಂದ್ರವು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಪಡೆದಿರಲಿಲ್ಲ. ಇಂತಹ ಘಟನೆ ನಡೆದಾಗಲೆಲ್ಲ ಬೆಂಕಿ ಹೇಗೆ ಹತ್ತಿತು ಎಂಬ ಪ್ರಶ್ನೆಯೇ ಮೊದಲು ಕೇಳಿಬರುತ್ತದೆ. ಒಳಗಿದ್ದವರು ಏಕೆ ಹೊರಗೆ ಬರಲಾಗಲಿಲ್ಲ ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆಯುವುದಿಲ್ಲ. ಸಾವಿನ ಸಂಖ್ಯೆಯನ್ನು ನಿರ್ಧರಿಸುವುದು ಮಾತ್ರ ಈ ಎರಡನೆಯ ಪ್ರಶ್ನೆಯೇ.

ಕಟ್ಟಡಗಳಲ್ಲಿನ ಅಗ್ನಿ ಅವಘಡಗಳಲ್ಲಿ ಅನೇಕರು ಜ್ವಾಲೆಯಿಂದಲ್ಲ, ಹೊಗೆಯಿಂದ ಪ್ರಾಣ ಕಳೆದುಕೊಳ್ಳುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಸುಲಭವಾಗಿ ಕೂಡಿಕೊಳ್ಳುವುದರಿಂದ ಉಸಿರಾಡುತ್ತಿರುವವನೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹೊರಬರಲು ದೊರೆಯುವ ಅವಧಿ ಕೆಲವೇ ನಿಮಿಷಗಳು.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಮೃತಪಟ್ಟು 103 ಮಂದಿ ಗಾಯಗೊಂಡ ಪ್ರಕರಣವು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ಬೆಂಕಿ ಹುಟ್ಟಿದ್ದು ನೆಲಮಹಡಿಯ ವಿದ್ಯುತ್ ಪರಿವರ್ತಕದಲ್ಲಿ. ಅಂದು ಬೆಳಿಗ್ಗೆಯೇ ಸದರಿ ಪರಿವರ್ತಕದಲ್ಲಿ ಬೆಂಕಿ ಕಾಣಿಸಿಕೊಂಡಿದ್ದು, ದುರಸ್ತಿ ಮಾಡಿ ಮತ್ತೆ ಚಾಲನೆಗೊಳಿಸಲಾಗಿತ್ತು. ಸಂಜೆ ಬೆಂಕಿಯು ವಾಹನ ನಿಲುಗಡೆಯ ಕಾರುಗಳಿಗೆ ಹರಡಿ, ಹೊಗೆಯು ಮೆಟ್ಟಿಲುಗಳ ಮೂಲಕ ಮೇಲೇರಿತು. ಮೃತಪಟ್ಟವರು ಬಾಲ್ಕನಿಯಲ್ಲಿದ್ದವರು. ಅಲ್ಲಿ ಹೆಚ್ಚುವರಿ ಆಸನಗಳನ್ನು ಅಳವಡಿಸುವ ಸಲುವಾಗಿ ಬಲಭಾಗದ ನಡುದಾರಿಯನ್ನು ಹಾಗೂ ನಿರ್ಗಮನ ದ್ವಾರವನ್ನು ಮುಚ್ಚಲಾಗಿತ್ತು. ಮುಂದೆ ದೆಹಲಿ ಉಚ್ಚ ನ್ಯಾಯಾಲಯವು 2003ರಲ್ಲಿ ಹೆಚ್ಚುವರಿ ಆಸನಗಳಿಂದ ದೊರೆತ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು 2.5 ಕೋಟಿ ರೂಪಾಯಿಗಳ ದಂಡರೂಪದ ಪರಿಹಾರವನ್ನು ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಈ ಮೊತ್ತವನ್ನು 25 ಲಕ್ಷಕ್ಕೆ ಇಳಿಸಿತು. ಮೊತ್ತದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಮುಚ್ಚಿದ ಬಾಗಿಲಿನಿಂದ ಎಷ್ಟು ಆದಾಯ ಬಂದಿತು ಎಂದು ನ್ಯಾಯಾಲಯವೊಂದು ಲೆಕ್ಕ ಹಾಕಿ ನೋಡಿದ್ದು ಅಪರೂಪದ ಸಂಗತಿ.

ಈ ಲೆಕ್ಕವೇ ವಿಷಯದ ತಿರುಳು. ನಿರ್ಗಮನ ಮಾರ್ಗವೆಂದರೆ ಬಾಡಿಗೆ ಬಾರದ ಖಾಲಿ ಜಾಗ. ಕಟ್ಟಡದ ಆಯವ್ಯಯದಲ್ಲಿ ಅದು ವರ್ಷವಿಡೀ ಖರ್ಚಿನ ಬಾಬತ್ತಾಗಿಯೇ ಉಳಿಯುತ್ತದೆ. ಹೀಗಾಗಿ ಅಲ್ಲಿ ಮೊದಲು ಒಂದು ಬೀರು, ನಂತರ ಹಳೆಯ ಕಡತಗಳ ಮೂಟೆ, ಕೊನೆಗೆ ಒಂದು ಬೀಗ ಬರುತ್ತದೆ. ಸರ್ಕಾರಿ ಕಛೇರಿಗಳೂ ಇದಕ್ಕೆ ಹೊರತಲ್ಲ.

ಕೋಲ್ಕತ್ತದ ಢಾಕುರಿಯಾದ ಎ.ಎಂ.ಆರ್.ಐ. ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರ ನಸುಕಿನಲ್ಲಿ ನಡೆದದ್ದು ಇಂತಹುದೇ. ವಾಹನ ನಿಲುಗಡೆಗೆ ಮೀಸಲಾಗಿದ್ದ ನೆಲಮಾಳಿಗೆಯು ದಾಸ್ತಾನು ಕೊಠಡಿಯಾಗಿತ್ತು. ಅಲ್ಲಿ ಹುಟ್ಟಿದ ಹೊಗೆ ಹವಾನಿಯಂತ್ರಣದ ಕೊಳವೆಗಳ ಮೂಲಕ ವಾರ್ಡುಗಳನ್ನು ಸೇರಿತು. ಹೊರಗೋಡೆಯ ಗಾಜು ತೆರೆಯುವಂತಹುದಾಗಿರಲಿಲ್ಲ. ಮೃತಪಟ್ಟ 90ಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರು ಹಾಸಿಗೆ ಬಿಟ್ಟು ಏಳಲಾರದ ರೋಗಿಗಳು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು 94 ಮಕ್ಕಳನ್ನು ಬಲಿ ಪಡೆದ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳು ನಡೆಯುತ್ತಿದ್ದವು. ಮೇಲೆ ಹುಲ್ಲಿನ ಚಾವಣಿ, ಇಳಿಯಲು ಕಿರಿದಾದ ಮೆಟ್ಟಿಲು.

ಕರ್ನಾಟಕಕ್ಕೂ ಈ ನೋವು ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ತಗುಲಿ 92 ಮಂದಿ ಮೃತಪಟ್ಟರು. ಅವರಲ್ಲಿ ಬಹುಪಾಲು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಮಾರ್ಗದಲ್ಲಿ ಹುಟ್ಟಿದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ತುರ್ತು ದ್ವಾರಗಳು ಬಳಕೆಗೆ ದೊರೆಯದೆ, ಉಸಿರುಗಟ್ಟಿದ ಉದ್ಯೋಗಿಗಳು ಗಾಜು ಒಡೆದು ಕೆಳಕ್ಕೆ ಹಾರಿದರು. ಒಟ್ಟು 9 ಮಂದಿ ಮೃತಪಟ್ಟರು. ಮೃತರ ಕುಟುಂಬದವರೂ ಸ್ನೇಹಿತರೂ ಸೇರಿ ಆರಂಭಿಸಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆಯು ಅಗ್ನಿ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸುವ ಕಾರ್ಯದಲ್ಲಿ ತೊಡಗಿತು.

ನಿಯಮಗಳ ಕೊರತೆಯಿಂದ ಹೀಗಾಗುತ್ತಿದೆ ಎನ್ನುವಂತಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗವು ಅಗ್ನಿ ಹಾಗೂ ಜೀವ ಸುರಕ್ಷತೆಗೇ ಮೀಸಲಾಗಿದೆ. ಆದರೆ ಸಂಹಿತೆಯು ಸಲಹಾತ್ಮಕವಾದುದು. ರಾಜ್ಯಗಳು ಹಾಗೂ ಸ್ಥಳೀಯ ಸಂಸ್ಥೆಗಳು ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ನಕ್ಷೆ ಒಂದು ಕಛೇರಿಯಲ್ಲಿ, ವ್ಯಾಪಾರ ಪರವಾನಗಿ ಇನ್ನೊಂದರಲ್ಲಿ, ವಿದ್ಯುತ್ ಪರಿವೀಕ್ಷಣೆ ಮತ್ತೊಂದರಲ್ಲಿ ಇರುವುದರಿಂದ ಪ್ರತಿಯೊಂದು ಕಡತವೂ ಪ್ರತ್ಯೇಕವಾಗಿ ಸರಿಯಾಗಿಯೇ ಕಾಣುತ್ತದೆ. ಉಪಹಾರ್ ಚಿತ್ರಮಂದಿರದ ಪರವಾನಗಿ 1983ರಲ್ಲಿ ಅಮಾನತುಗೊಂಡು, ಅದಕ್ಕೆ ತಡೆಯಾಜ್ಞೆ ದೊರೆತ ಬಳಿಕ ದುರಂತದವರೆಗೂ ತಾತ್ಕಾಲಿಕ ಪರವಾನಗಿಗಳ ಮೇಲೆಯೇ ಪ್ರದರ್ಶನ ನಡೆಯಿತು. ಕಾಗದಪತ್ರಗಳು ಚಾಲ್ತಿಯಲ್ಲಿದ್ದವು, ಬಾಗಿಲು ಮಾತ್ರ ಮುಚ್ಚಿತ್ತು.

ನಿರಾಕ್ಷೇಪಣಾ ಪತ್ರವು ಪರಿಶೀಲನೆಯ ದಿನದ ಸ್ಥಿತಿಯನ್ನಷ್ಟೇ ದೃಢೀಕರಿಸುತ್ತದೆ. ಮರುದಿನ ಬಾಗಿಲಿಗೆ ಬೀಗ ಬಿದ್ದರೆ ಅದನ್ನು ಮೊದಲು ಕಾಣುವವರು ಅಲ್ಲಿಗೆ ನಿತ್ಯ ಹೋಗಿಬರುವ ಉದ್ಯೋಗಿಗಳು, ಪೋಷಕರು ಮತ್ತು ರೋಗಿಗಳ ಸಂಬಂಧಿಕರು. ಕಲ್ಯಾಣ ಮಂಟಪ, ಶಾಲೆ, ಆಸ್ಪತ್ರೆ ಅಥವಾ ಮಳಿಗೆಗೆ ಭೇಟಿ ನೀಡುವ ಸಾರ್ವಜನಿಕರು ಎರಡನೆಯ ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ ಎಂದು ಗಮನಿಸುವುದು, ಬೀಗ ಕಂಡಲ್ಲಿ ವ್ಯವಸ್ಥಾಪಕರನ್ನು ಪ್ರಶ್ನಿಸುವುದು ಹಾಗೂ ಸ್ಥಳೀಯ ಸಂಸ್ಥೆ ಇಲ್ಲವೇ ಸಮೀಪದ ಅಗ್ನಿಶಾಮಕ ಠಾಣೆಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ಹೊಗೆ ತುಂಬಿದ ಸಂದರ್ಭದಲ್ಲಿ ಲಿಫ್ಟ್ ಬಳಸದೆ, ನೆಲಕ್ಕೆ ಬಾಗಿ ಮೆಟ್ಟಿಲುಗಳತ್ತ ಸಾಗತಕ್ಕದ್ದು. ಬೆಂಕಿಯ ಕರೆಗಳಿಗೆ ದೂರವಾಣಿ ಸಂಖ್ಯೆ 101 ಅಥವಾ 112.