ಉಳಿದ ಆ ಗಂಟೆ ಯಾರದು?

ಮಿಕ್ಸಿ ಬಂದಾಗ ನಮ್ಮತ್ತೆಯವರು, "ಇನ್ನು ನಿನಗೇನಮ್ಮ, ರುಬ್ಬೋ ಕೆಲಸ ತಪ್ಪಿತು" ಎಂದಿದ್ದರು. ರುಬ್ಬುವುದು ತಪ್ಪಿದ್ದು ನಿಜ. ಆದರೆ ಉಳಿದ ಹೊತ್ತು ನನ್ನ ಪಾಲಿಗೆ ಬಂತೆ? ಒಂದು ಚಟ್ನಿ ಇದ್ದದ್ದು ಎರಡಾಯಿತು, ಅಷ್ಟೆ. ಕಳೆದ ವರ್ಷ ಕೃತಕ ಬುದ್ಧಿಮತ್ತೆಯಿಂದ ಪಾಠಯೋಜನೆ ಬರೆಸುವುದನ್ನು ಹೇಳಿಕೊಟ್ಟವರು, "ನಿಮಗಿನ್ನು ಸಮಯವೇ ಸಮಯ" ಎಂದಾಗ ನನಗೆ ಆ ಮಿಕ್ಸಿ ನೆನಪಾಯಿತು.

ಯಂತ್ರವನ್ನು ಮುಟ್ಟಲೇಬಾರದು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಮರುವರ್ಷವೇ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ಶಿಕ್ಷಣ ಫೌಂಡೇಶನ್ ಜೊತೆಗೂಡಿ 'ಶಿಕ್ಷಾ ಕೋಪೈಲಟ್' ಎಂಬ ಪಾಠಯೋಜನೆಯ ಸಾಧನವನ್ನು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೇ ಪ್ರಯೋಗಿಸಿ ನೋಡಿದರು. ರಾತ್ರಿ ಪಾತ್ರೆ ತೊಳೆದಿಟ್ಟು ಹತ್ತು ಗಂಟೆಗೆ ಪಾಠಯೋಜನೆ ಬರೆಯಲು ಕೂರುವ ಹೆಂಗಸಿಗೆ ಅದು ಬೇಡವೆನ್ನಲು ಇವರು ಯಾರು? ಹಾಗೆನ್ನುವ ಮೇಷ್ಟರುಗಳಿಗೆ ಊಟ ಕೂತಲ್ಲಿಗೇ ಬರುತ್ತದೆ.

ಆದರೆ ಅದು ಬರೆದದ್ದನ್ನು ಕಣ್ಣುಮುಚ್ಚಿ ನಂಬುವವರನ್ನೂ ನಾನು ಒಪ್ಪಲಾರೆ. ನಮ್ಮ ಪಾಲಹಳ್ಳಿಯ ಮಗ್ಗುಲಲ್ಲೇ ರಂಗನತಿಟ್ಟು. ಅದರ ಮೇಲೊಂದು ಪಾಠ ಬರೆದುಕೊಡೆಂದೆ. ಕ್ಷಣದಲ್ಲಿ ಎರಡು ಪುಟ! ಪಕ್ಷಿಧಾಮವಾದ ಇಸವಿ 1940. ಅದು ಬೇರೊಂದನ್ನು ಧೈರ್ಯವಾಗಿ ಬರೆದಿತ್ತು. ತಾನು ಓದಿದ ರಾಶಿ ಬರಹದಿಂದ, ಮುಂದಿನ ಪದ ಯಾವುದಿರಬಹುದೆಂದು ಊಹಿಸಿ ಪೋಣಿಸುವುದು ಅದರ ಕಸುಬು. ನಿಜ ಸುಳ್ಳು ನೋಡುವುದಲ್ಲ. ಕನ್ನಡದಲ್ಲಿ ಅದಕ್ಕೆ ಓದಲು ಸಿಕ್ಕಿರುವುದೂ ಕಡಿಮೆ. ತರಗತಿಯಲ್ಲಿ ಅದನ್ನೇ ಓದಿ, "ಇದರಲ್ಲಿ ಏನು ತಪ್ಪಿದೆ, ಏನು ಬಿಟ್ಟಿದೆ ಹೇಳಿ" ಎಂದೆ. ಹಿಂದಿನ ಸಾಲಿನ ಹುಡುಗಿ ಎದ್ದು, "ಮಿಸ್, ಕನ್ನಂಬಾಡೀಲಿ ನೀರು ಬಿಟ್ರೆ ತಿಟ್ಟು ಮುಳ್ಗೋಯ್ತದೆ, ದೋಣಿ ನಿಲ್ಲಿಸ್ತಾರೆ, ಗೂಡೂ ಕೊಚ್ಕೊಂಡೋಯ್ತವೆ. ಅದ್ನೇ ಬರ್ದಿಲ್ಲ" ಎಂದಳು. ವರ್ಷವಿಡೀ ಬಾಯಿ ಬಿಡದ ಹುಡುಗಿ! ಅಂದಿನ ಪಾಠ ಅವಳದೇ ಆಯಿತು.

ಅವಳ ಮಾತು ಕೇಳುವಷ್ಟು ತಾಳ್ಮೆ ನನಗಿದ್ದದ್ದು ಹಿಂದಿನ ರಾತ್ರಿ ಕಣ್ತುಂಬ ನಿದ್ದೆ ಮಾಡಿದ್ದರಿಂದ. ನನ್ನ ಜಗಳ ಇರುವುದು ಇಲ್ಲೇ. ಉಳಿದ ಗಂಟೆಯನ್ನು ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೋ ಕಳಿಸಿ, ಮಾಹಿತಿ ತುಂಬಿ ಎಂದು ಕಿತ್ತುಕೊಳ್ಳುವುದಾದರೆ ಈ ತರಬೇತಿಯಾದರೂ ಏಕೆ? ಮಕ್ಕಳ ಹೆಸರು, ಅಂಕಗಳನ್ನೂ ಯಂತ್ರಕ್ಕೆ ಉಣಿಸಿ ವರದಿ ತೆಗೆಯಿರಿ ಎನ್ನುವವರೂ ಇದ್ದಾರೆ. ಅದನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಹೆತ್ತವರು ನಂಬಿ ಕಳಿಸಿದ ಮಗುವಿನ ವಿಷಯವನ್ನು ಎಲ್ಲಿಗೋ ದಾಟಿಸುವ ಹಕ್ಕು ನನಗಿಲ್ಲ.

ಮೊನ್ನೆ ಎರಡನೆಯ ತರಬೇತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ: "ಸಾರ್, ಆ ಉಳಿದ ಗಂಟೆ ಯಾರದು?" ಅವರು ಗಡಿಯಾರ ನೋಡಿಕೊಂಡು, "ಊಟದ ನಂತರ ಮಾತಾಡೋಣ ಮೇಡಂ" ಎಂದರು. ಊಟದ ನಂತರ ತುಂಬಿಸಲು ಒಂದು ಹೊಸ ನಮೂನೆ ಹಂಚಿದರು.