ತೊಟ್ಟಿಯಲ್ಲಿ ನೈದಿಲೆ

ತೊಟ್ಟಿಗೆ ಹಾಕಿದ ನೈದಿಲೆ ಎಲೆ ಮೇಲೆ ಎಲೆ ಬಿಡುತ್ತದೆ, ಹೂವು ಮಾತ್ರ ಒಂದೂ ಇಲ್ಲ ಎಂದು ಕೊರಗುತ್ತೀರಾ, ಗೆಳತಿಯರೇ? ತೊಟ್ಟಿ ಎಲ್ಲಿಟ್ಟಿದ್ದೀರಿ ಹೇಳಿ. ಬಚ್ಚಲ ಪಕ್ಕ, ಮರದ ನೆರಳಿನಲ್ಲಿ ತಾನೇ? ನೀರಿನ ಗಿಡ ಅಂದಾಕ್ಷಣ ತಂಪು ಜಾಗ ಬೇಕೆಂದು ನಾವೇ ತಿಳಿದುಕೊಂಡುಬಿಡುತ್ತೇವೆ. ನೈದಿಲೆಗೆ ದಿನಕ್ಕೆ 5-6 ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು. ನೀರು ತುಂಬಿದ ಮೇಲೆ ತೊಟ್ಟಿ ಸರಿಸಲಾಗದು. ಹಪ್ಪಳ ಸಂಡಿಗೆ ಒಣಹಾಕುವ ಕಡೆಯೇ ಮೊದಲು ಜಾಗ ಗೊತ್ತುಮಾಡಿ.

2 ಅಡಿ ಅಗಲ, ಒಂದೂವರೆ ಅಡಿ ಆಳದ ಸಿಮೆಂಟ್ ತೊಟ್ಟಿಯೋ ಪ್ಲಾಸ್ಟಿಕ್ ಟಬ್ಬೋ ಸಾಕು. ಸಿಮೆಂಟಿನದು ಹೊಸದಾದರೆ ಎರಡು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ, ಸುಣ್ಣದಂಶ ಬಿಡಲಿ. ಅಟ್ಟದ ಮೇಲಿನ ತಾಮ್ರದ ಹಂಡೆ ಚೆಂದ ನಿಜ, ಆದರೆ ನೀರಿಗೆ ಮೀನು ಬಿಡುವುದಿದೆ, ತಾಮ್ರ ಅವಕ್ಕೆ ವಿಷ. ಗಡ್ಡೆಯನ್ನು ಅಗಲ ಬಾಯಿಯ ಕುಂಡದಲ್ಲಿ ಜೇಡಿಮಣ್ಣಿಗೆ ನೆಡಿ. ಕುಡಿ ಮಣ್ಣಿನ ಮೇಲಿರಲಿ. ಮಣ್ಣು ಕದಡದಂತೆ ಸಣ್ಣ ಜಲ್ಲಿ ಹರಡಿ. ಕುಂಡವನ್ನು ತೊಟ್ಟಿಯೊಳಗೆ ಇಟ್ಟಿಗೆಗಳ ಮೇಲಿಟ್ಟು, ಮೇಲೆ 4-5 ಅಂಗುಲ ನೀರು ನಿಲ್ಲುವಂತೆ ಮಾಡಿ. ಎಲೆ ಬೆಳೆದ ಹಾಗೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ಹಸಿ ಸಗಣಿ ಬೇಡ, ನೀರು ನಾರುತ್ತದೆ. ತಿಂಗಳಿಗೊಮ್ಮೆ ಒಂದು ಚಮಚ ಎಲುಬಿನ ಪುಡಿಯನ್ನು ಕಾಗದದಲ್ಲಿ ಸುತ್ತಿ ಮಣ್ಣಿನೊಳಕ್ಕೆ ಒತ್ತಿ. ಅದನ್ನು ಮುಟ್ಟದ ಮನೆಯಾದರೆ ಎರೆಗೊಬ್ಬರವನ್ನು ಜೇಡಿಮಣ್ಣಿನಲ್ಲಿ ಉಂಡೆ ಕಟ್ಟಿ ಹುಗಿಯಿರಿ.

“ಮನೆ ಮುಂದೆ ನೀರು ನಿಲ್ಲಿಸ್ತೀಯಲ್ಲೇ, ಸೊಳ್ಳೆ ಬರಲ್ವೇನೆ?” ಎಂದು ಅತ್ತೆ ಗದರಿದರೆ ಮುನಿಸಿಕೊಳ್ಳಬೇಡಿ. ಅವರ ಮಾತು ಸರಿ. ಡೆಂಗಿ ಜ್ವರ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತೊಟ್ಟಿಯ ಗೋಡೆಗೇ, ನೀರಿನ ಅಂಚಿಗೆ. ಸುಮಾರು 8-10 ದಿನದಲ್ಲಿ ಅದು ಹಾರುವ ಸೊಳ್ಳೆ. ನೀರು ಚೆಲ್ಲಿಬಿಟ್ಟರೆ ಸಾಕೆನ್ನಬೇಡಿ. ಅಂಟಿಕೊಂಡ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ನಾಲ್ಕಾರು ಗಪ್ಪಿ ಮೀನು ಬಿಡಿ, ಹುಳುಗಳನ್ನು ಅವು ತಿನ್ನುತ್ತವೆ. ವಾರಕ್ಕೊಮ್ಮೆ ಅಂಚನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ. ನಲ್ಲಿ ನೀರಾದರೆ ಒಂದು ದಿನ ಹಿಡಿದಿಟ್ಟು ಹಾಕಿ. ಮೀನು ಸತ್ತರೆ ಅಂದೇ ಬೇರೆ ತನ್ನಿ. ಮರಿ ಹೆಚ್ಚಾದರೆ ಕೆರೆಗೆ ಬಿಡದೆ ನೆರೆಯವರಿಗೆ ಕೊಡಿ.

ಅಂಬೆಗಾಲಿಡುವ ಕೂಸಿದ್ದರೆ ಮಾತ್ರ ತೊಟ್ಟಿ ಈಗ ಬೇಡ. ಗೇಣು ನೀರೂ ಮಗುವಿಗೆ ಅಪಾಯ.

ಗಡ್ಡೆ ಕೊಳ್ಳುವಾಗ ಯಾವ ಹೊತ್ತಿನಲ್ಲಿ ಅರಳುವುದೆಂದು ಕೇಳಿ. ನೀಲಿ ನೈದಿಲೆ ಹಗಲಿನದು. ಕೆಂಪು ನೈದಿಲೆ ಕತ್ತಲಾದ ಮೇಲೆ ಬಿರಿದು, ಮರುದಿನ ಬಿಸಿಲೇರುವವರೆಗೆ ಇರುತ್ತದೆ. ಹಗಲೆಲ್ಲ ಒಲೆ ಮುಂದೆ ಕಳೆಯುವ ನಮ್ಮಂಥವರಿಗೆ ಕೆಂಪೇ ವಾಸಿ. ರಾತ್ರಿ ಪಾತ್ರೆ ತೊಳೆದು ಹೊರಬರುವ ಹೊತ್ತಿಗೆ ಅರಳಿರುತ್ತದೆ.